ಹಿತಮಿತದ ಸಂಗೀತಗಾರ ಎರಿಕ್ ನೋರ್ಡ್‌ಗ್ರೆನ್

ಸ್ವೀಡನ್ನಿನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ ಹೆಸರು ಕೇಳದ ಸಿನಿಮಾಪ್ರಿಯರು ಕಡಿಮೆ. ಅವರ ಛಾಯಾಗ್ರಾಹಕರನ್ನೂ ನಟನಟಿಯರನ್ನೂ ನಾವು ಹೆಸರು ಹಿಡಿದು ಹೊಗಳುತ್ತೇವೆ. ಸಂಗೀತ ಯಾರದು ಎಂದು ಕೇಳುವವರು ಮಾತ್ರ ಅಪರೂಪ. 1950ರ ದಶಕದಲ್ಲಿ ಅವರು ಮಾಡಿದ ಹೆಚ್ಚಿನ ಚಿತ್ರಗಳ ಮಟ್ಟಿಗೆ ಉತ್ತರ ಒಂದೇ: ಎರಿಕ್ ನೋರ್ಡ್‌ಗ್ರೆನ್.

1913ರಲ್ಲಿ ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದಲ್ಲಿ ಹುಟ್ಟಿದ ನೋರ್ಡ್‌ಗ್ರೆನ್ ಕಲಿತದ್ದು ಸ್ಟಾಕ್‌ಹೋಮಿನ ರಾಯಲ್ ಸಂಗೀತ ಕಾಲೇಜಿನಲ್ಲಿ. 1953ರಿಂದ ಒಂದೂವರೆ ದಶಕದಷ್ಟು ಕಾಲ ಸ್ವೆನ್ಸ್ಕ್ ಫಿಲ್ಮ್‌ಇಂಡಸ್ಟ್ರಿ ಸಂಸ್ಥೆಯ ಸಂಗೀತ ವಿಭಾಗ ಅವರ ಕೈಯಲ್ಲಿತ್ತು. ಸಿನಿಮಾದಾಚೆಗೂ ಅವರು ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು, ಕ್ಲಾರಿನೆಟ್ ಮತ್ತು ಬಸೂನ್ ವಾದ್ಯಗಳಿಗಾಗಿ ಕಾನ್ಸರ್ಟೊಗಳನ್ನು ಬರೆದರು. ಕ್ವಾರ್ಟೆಟ್‌ನಲ್ಲಿ ಇರುವುದು ನಾಲ್ಕೇ ವಾದ್ಯ. ಒಂದು ಸ್ವರ ಹೆಚ್ಚಾದರೂ ಕಿವಿಗೆ ಬೀಳುತ್ತದೆ, ಬಚ್ಚಿಡಲು ಜಾಗವಿಲ್ಲ. ಆ ಶಿಸ್ತು ಅವರ ಚಿತ್ರಸಂಗೀತದಲ್ಲೂ ಕಾಣುತ್ತದೆ.

1957ರ ‘ದಿ ಸೆವೆಂತ್ ಸೀಲ್’ ಚಿತ್ರದ ಒಂದು ಸನ್ನಿವೇಶ ನೋಡಿ. ಪ್ಲೇಗ್ ಹಬ್ಬಿದ ಕಾಲ. ಊರ ಬಯಲಿನ ಪುಟ್ಟ ವೇದಿಕೆಯ ಮೇಲೆ ಅಲೆಮಾರಿ ಕಲಾವಿದರಾದ ಯೋಫ್ ಮತ್ತು ಮಿಯಾ ಮುಖಕ್ಕೆ ಬಣ್ಣ ಬಳಿದುಕೊಂಡು ತಮಾಷೆಯ ಹಾಡು ಹಾಡುತ್ತಿದ್ದಾರೆ. ಅಷ್ಟರಲ್ಲಿ ದೂರದಿಂದ ಇನ್ನೊಂದು ಹಾಡು ಕೇಳಿಬರುತ್ತದೆ. ಶಿಲುಬೆ ಹೊತ್ತು, ತಮ್ಮನ್ನು ತಾವೇ ಚಾಟಿಯಿಂದ ಹೊಡೆದುಕೊಳ್ಳುತ್ತ ಬರುವ ಜನರ ಮೆರವಣಿಗೆ ಅದು. ಅವರ ಬಾಯಲ್ಲಿರುವುದು ‘ಡೀಯೆಸ್ ಈರೆ’, ಅಂತಿಮ ತೀರ್ಪಿನ ದಿನವನ್ನು ನೆನೆಯುವ ಮಧ್ಯಯುಗದ ಲ್ಯಾಟಿನ್ ಪ್ರಾರ್ಥನೆ. ತಮಾಷೆಯ ಹಾಡು ಅರ್ಧಕ್ಕೇ ನಿಲ್ಲುತ್ತದೆ.

ಆ ಹಳೆಯ ಧಾಟಿ ಶುರುವಾಗುವುದು ನಮ್ಮ ಲೆಕ್ಕದಲ್ಲಿ ಗ-ರಿ-ಗ-ಸ, ರಿ-ನಿ-ಸ-ಸ ಎಂದು. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಮಂದ್ರದ ಕೈಶಿಕಿ ನಿಷಾದ, ಖರಹರಪ್ರಿಯದ ಸ್ವರಗಳೇ. ಹಾರ್ಮೋನಿಯಂ ಮೇಲೆ ನಿಧಾನವಾಗಿ ನುಡಿಸಿ ನೋಡಿ, ಪ್ರತಿ ತುಣುಕೂ ಷಡ್ಜಕ್ಕೆ ಬಂದು ಕುಸಿಯುವುದು ತಿಳಿಯುತ್ತದೆ. ಬರ್ಲಿಯೋಜ್, ಲಿಸ್ಟ್ ಇದನ್ನು ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಬಳಸಿದ್ದಾರೆ. ಈ ದೃಶ್ಯದಲ್ಲಿ ಅದು ಪಾತ್ರಗಳ ಕೊರಳಿನಿಂದಲೇ ಹೊರಡುತ್ತದೆ. ಹೀಗಾಗಿ ಹೆದರಿಕೆ ಹಿನ್ನೆಲೆಯಲ್ಲಿ ಉಳಿಯದೆ ಕಥೆಯ ಒಳಗೇ ನಡೆದು ಬರುತ್ತದೆ.

ಅದೇ ವರ್ಷದ ‘ವೈಲ್ಡ್ ಸ್ಟ್ರಾಬೆರೀಸ್’ನಲ್ಲಿ ಮುದುಕ ಪ್ರೊಫೆಸರ್ ಕಾಣುವ ದುಃಸ್ವಪ್ನದ ರೀತಿಯೇ ಬೇರೆ. ನಿರ್ಜನ ಬೀದಿ, ಮುಳ್ಳುಗಳಿಲ್ಲದ ಗಡಿಯಾರ, ಎದೆಬಡಿತ, ಶವ ಸಾಗಿಸುವ ಗಾಡಿಯ ಚಕ್ರದ ಕಿರಿಕಿರಿ. ಬೇರೆಯವರಾಗಿದ್ದರೆ ಇಲ್ಲಿ ಪಿಟೀಲುಗಳನ್ನು ಕಿರುಚಿಸುತ್ತಿದ್ದರು. ಈ ಚಿತ್ರ ಸಣ್ಣ ಸದ್ದುಗಳನ್ನೇ ನಂಬುತ್ತದೆ.

1960ರ ‘ದಿ ವರ್ಜಿನ್ ಸ್ಪ್ರಿಂಗ್’ಗೂ ಸಂಗೀತ ಅವರದೇ; ಅತ್ಯುತ್ತಮ ವಿದೇಶಿ ಭಾಷಾ ಚಿತ್ರಕ್ಕಿರುವ ಆಸ್ಕರ್ ಅದಕ್ಕೆ ಸಿಕ್ಕಿತು. ಮುಂದೆ ಬರ್ಗ್‌ಮನ್ ಸಂಗೀತವನ್ನು ಕಡಿಮೆ ಮಾಡುತ್ತ ಬಂದರು. 1961ರ ‘ಥ್ರೂ ಎ ಗ್ಲಾಸ್ ಡಾರ್ಕ್ಲಿ’ಯಲ್ಲಿ ಉಳಿದದ್ದು ಬಾಖ್‌ನ ಒಂಟಿ ಚೆಲ್ಲೊ. ನೋರ್ಡ್‌ಗ್ರೆನ್ ಅವರ ಇನ್ನೊಂದು ದೊಡ್ಡ ಕೆಲಸ ಬಂದದ್ದು 1971ರಲ್ಲಿ, ಯಾನ್ ಟ್ರೊಯೆಲ್ ನಿರ್ದೇಶನದ ‘ದಿ ಎಮಿಗ್ರೆಂಟ್ಸ್’ನಲ್ಲಿ; ಬಡತನ ತಾಳಲಾರದೆ ಅಮೆರಿಕಕ್ಕೆ ಗುಳೆ ಹೊರಟ ರೈತರ ಕಥೆ ಅದು. 1992ರಲ್ಲಿ ಅವರು ತೀರಿಕೊಂಡರು.

ಮಾತಿನ ನಡುವೆ ಒಂದು ಕ್ಷಣ ಬಿಡುವಾದರೂ ಸದ್ದು ತುಂಬಲೇಬೇಕು ಎಂಬ ಹಠ ನಮ್ಮ ಚಿತ್ರಗಳಲ್ಲಿ ಈಗ ಹೆಚ್ಚಾಗಿದೆ. ಹಿನ್ನೆಲೆ ಸಂಗೀತಕ್ಕೆ ಕೈ ಹಾಕುವ ಹೊಸಬರು ‘ದಿ ಸೆವೆಂತ್ ಸೀಲ್’ ಅನ್ನು ಎರಡು ಸಲ ನೋಡಲಿ: ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಸಂಗೀತ ಎಲ್ಲೆಲ್ಲಿ ಇಲ್ಲ ಎಂದು ಗುರುತು ಹಾಕಿಕೊಳ್ಳುವುದಕ್ಕಾಗಿ.