ತೋಳಿನ ಬಿಲ್ಲೆ ಒದರಿದಾಗ

ರಾತ್ರಿ ಮೂರು ಗಂಟೆ ಹತ್ತು ನಿಮಿಷ. ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ನನ್ನ ದಿಂಬಿನ ಪಕ್ಕದ ಮೊಬೈಲು ಕಿರುಚಿತು. ಪರದೆಯ ಮೇಲೆ ಕೆಂಪಗೆ 58, ಅದರ ಮಗ್ಗುಲಿಗೆ ಕೆಳಮುಖದ ಬಾಣ. ಆಚೆ ಕೋಣೆಯಲ್ಲಿ ಮಲಗಿರುವ ಅವ್ವನ ರಕ್ತದ ಸಕ್ಕರೆ ಇಳಿಯುತ್ತಿದೆ ಎಂದರ್ಥ. ಗ್ಲೂಕೋಸ್ ಕದಡಿದ ನೀರಿನ ಲೋಟ ಹಿಡಿದು ಓಡಿದೆ. ದೀಪ ಹಾಕಿ ನೋಡಿದರೆ ಅವ್ವ ಎಡಮಗ್ಗುಲಾಗಿ, ತೋಳನ್ನು ಮೈಯ ಭಾರದ ಕೆಳಗೆ ಹಾಕಿಕೊಂಡು ಗಾಢ ನಿದ್ದೆಯಲ್ಲಿದ್ದಳು. ಹಣೆ ಮುಟ್ಟಿದೆ, ಬೆವರಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ಹಳೆಯ ಮೀಟರಿನಲ್ಲಿ ನೋಡಿದೆ: 104.

“ಮತ್ತ ಒದರಾಕತ್ತೈತೇನು ಅದು?” ಎಂದಳು ಅವ್ವ, ಕಣ್ಣು ತೆರೆಯದೆಯೇ. “ನನಗೇನೂ ಆಗಿಲ್ಲ. ಮಲಕ್ಕೋ ಹೋಗು.”

ಅವ್ವ ಧಾರವಾಡದವಳು. ಅಪ್ಪ ಹೋದ ಮೇಲೆ ನಮ್ಮೊಂದಿಗೆ ಪುಣೆಯಲ್ಲಿದ್ದಾಳೆ. ಇನ್ಸುಲಿನ್ ಶುರುವಾದ ಮೇಲೆ ಡಾಕ್ಟರು ಅವಳ ಎಡತೋಳಿನ ಹಿಂಬದಿಗೆ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿಸಿದರು. ಅದರಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ಹದಿನಾಲ್ಕು ದಿನ, ಹಗಲೂ ರಾತ್ರಿ, ಅವಳ ಮೈಯ ಸಕ್ಕರೆಯನ್ನು ಅಳೆದು ನನ್ನ ಮೊಬೈಲಿಗೆ ಕಳಿಸುವುದು ಅದರ ಕೆಲಸ. ಅಳೆಯುವುದು ನೇರವಾಗಿ ರಕ್ತದಲ್ಲಿ ಅಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿ. ಹೀಗಾಗಿ ಅದರ ಅಂಕಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಬಿಲ್ಲೆಯ ಮೇಲೆ ಮೈಯ ಭಾರ ಬಿದ್ದರೆ ಅಲ್ಲಿನ ದ್ರವದ ಸಂಚಾರ ತಗ್ಗಿ, ಇಲ್ಲದ ಕುಸಿತವನ್ನು ತೋರಿಸುತ್ತದೆ. ಮಧುಮೇಹದ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ನನಗೆ ಆ ರಾತ್ರಿಯವರೆಗೆ ಗೊತ್ತಿರಲಿಲ್ಲ. ಬಿಲ್ಲೆ ಅಂಟಿಸಿದ ದಿನ ಯಾರೂ ಹೇಳಿರಲಿಲ್ಲ.

ಹಾಗಂತ ಬಿಲ್ಲೆಯನ್ನು ಬೈಯಲಾರೆ. ಅದನ್ನು ಅಂಟಿಸುವ ಹಿಂದಿನ ತಿಂಗಳು ಅದೇ ಹೊತ್ತಿನಲ್ಲಿ ನಿಜವಾಗಿಯೇ ಸಕ್ಕರೆ ಇಳಿದು, ಅವ್ವ ಬೆವರಿನಲ್ಲಿ ತೊಯ್ದು, ಮಾತು ತೊದಲುತ್ತ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ಆಗ ಒದರಿ ಎಬ್ಬಿಸುವವರು ಯಾರೂ ಇರಲಿಲ್ಲ.

ಕಂಪ್ಯೂಟರು ಹೀಗೆ ಮೈಗೇ ಬಂದು ಅಂಟಿಕೊಳ್ಳುತ್ತದೆ ಎಂದು ಮೊದಲು ಊಹಿಸಿದವರಲ್ಲಿ ಒಬ್ಬರು ಅಮೆರಿಕದ ಮಾರ್ಕ್ ವೈಸರ್. ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಅವರು 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಒಂದು ಲೇಖನ ಬರೆದರು. ಮುಂದೆ ಕಂಪ್ಯೂಟರು ಮೇಜಿನ ಮೇಲಿನ ಪೆಟ್ಟಿಗೆಯಾಗಿ ಉಳಿಯುವುದಿಲ್ಲ, ಗೋಡೆ, ಬಟ್ಟೆ, ಬಳಸುವ ವಸ್ತುಗಳಲ್ಲೆಲ್ಲ ಕರಗಿ ಕಣ್ಣಿಗೆ ಕಾಣದಂತಾಗುತ್ತದೆ ಎಂಬುದು ಅದರ ಸಾರ. ಅದೇ 1991ರಲ್ಲಿ ಪುಣೆ ಬೇರೆ ಕಾರಣಕ್ಕೆ ಸುದ್ದಿಯಲ್ಲಿತ್ತು. ಅಮೆರಿಕ ತನ್ನ ಕ್ರೇ ಸೂಪರ್ ಕಂಪ್ಯೂಟರನ್ನು ಭಾರತಕ್ಕೆ ಕೊಡಲು ಹಿಂದೇಟು ಹಾಕಿದ್ದರಿಂದ 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ಮೂರೇ ವರ್ಷಗಳಲ್ಲಿ ಪರಮ್ 8000 ಸಿದ್ಧವಾಯಿತು. ಅಲ್ಲಿ ಒಬ್ಬರು ಕಂಪ್ಯೂಟರು ಕಾಣದಷ್ಟು ಚಿಕ್ಕದಾಗುವ ಕನಸು ಕಾಣುತ್ತಿದ್ದಾಗ, ಇಲ್ಲಿ ನಮ್ಮವರು ದೇಶದ ಮಾನ ಉಳಿಸುವಂಥ ದೊಡ್ಡ ಯಂತ್ರ ಕಟ್ಟುತ್ತಿದ್ದರು. ಎರಡೂ ಹಾದಿಗಳು ಈಗ ಅವ್ವನ ತೋಳಿನ ಮೇಲೆ ಬಂದು ಸೇರಿವೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯ ದಾಖಲೆ ಹೋದಾಗ ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಲ್ಲ? ಅದಕ್ಕೆ ಬೇಕಾದ ಏಕರೂಪದ ಮಾನದಂಡಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಕೇಂದ್ರವನ್ನು ಆರೋಗ್ಯ ಸಚಿವಾಲಯ ಇಟ್ಟಿರುವುದು ಪುಣೆಯ ಇದೇ ಸಿ-ಡ್ಯಾಕ್‌ನಲ್ಲಿ. ‘ಪರ್ವೇಸಿವ್ ಕಂಪ್ಯೂಟಿಂಗ್’, ಅಂದರೆ ಎಲ್ಲೆಡೆ ಹರಡಿಕೊಂಡ ಗಣಕ ಎಂಬ ವಿಷಯದ ಮೇಲೆ 2015ರ ಜನವರಿಯಲ್ಲಿ ಇದೇ ಊರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

ಸಮ್ಮೇಳನದ ಹೊರಗಿದ್ದ ನಮ್ಮಂಥವರಿಗೆ ಈ ವಿದ್ಯೆ ತಲುಪಿದ್ದು ಕೊರೊನಾ ಕಾಲದಲ್ಲಿ. ಮಹಾರಾಷ್ಟ್ರದ ಮೊದಲ ಪ್ರಕರಣಗಳು ಪತ್ತೆಯಾದದ್ದು ಪುಣೆಯಲ್ಲಿ, 2020ರ ಮಾರ್ಚ್ 9ರಂದು. ಮುಂದಿನ ಒಂದೂವರೆ ವರ್ಷದಲ್ಲಿ ಹರಿಶಿನ-ಕುಂಕುಮದ ಬಟ್ಟಲಿನ ಪಕ್ಕ ಪಲ್ಸ್ ಆಕ್ಸಿಮೀಟರ್ ಇಡದ ಮನೆಯನ್ನು ನಮ್ಮ ಗಲ್ಲಿಯಲ್ಲಿ ನಾನು ಕಾಣಲಿಲ್ಲ. ಬಟ್ಟೆ ಕ್ಲಿಪ್ಪಿನಂಥ ಆ ಸಾಧನ ಬೆರಳಿನೊಳಕ್ಕೆ ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸುತ್ತದೆ. ಆಮ್ಲಜನಕ ಹೊತ್ತ ರಕ್ತ ಒಂದು ಬೆಳಕನ್ನು ಹೆಚ್ಚು ಹೀರುತ್ತದೆ, ಹೊರದ ರಕ್ತ ಇನ್ನೊಂದನ್ನು. ನಾಡಿಯ ಪ್ರತಿ ಬಡಿತಕ್ಕೂ ಬದಲಾಗುವ ಆ ವ್ಯತ್ಯಾಸದಿಂದಲೇ ರಕ್ತದ ಆಮ್ಲಜನಕದ ಮಟ್ಟವನ್ನು ಲೆಕ್ಕ ಹಾಕಬಹುದೆಂದು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ತಕುವೊ ಅಒಯಾಗಿ. ಲೋಕವೆಲ್ಲ ಅವರ ಸಾಧನಕ್ಕೆ ಬೆರಳು ಕೊಟ್ಟು ಕೂತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು.

94 ನಮಗೆಲ್ಲ ಲಕ್ಷ್ಮಣರೇಖೆಯಾಗಿತ್ತು. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೊರಡಬೇಕು. 2021ರ ಏಪ್ರಿಲ್‌ನಲ್ಲಿ ಮೇಲಿನ ಮನೆಯ ಅಜ್ಜನಿಗೆ 91 ತೋರಿಸಿದಾಗ ಅವರ ಮಗ ನಲವತ್ತಕ್ಕೂ ಹೆಚ್ಚು ಫೋನ್ ಮಾಡಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೇನೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಬೆಡ್ ಇಲ್ಲ. ಬೆರಳಿನ ಕ್ಲಿಪ್ಪು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಕೂಗು ಎದ್ದಿತ್ತು. ಓಗೊಡುವವರು ಸಿಗಲಿಲ್ಲ. ಆ ದಿನದಿಂದ ನನಗೆ ಯಾವ ಹೊಸ ಸಾಧನದ ಸುದ್ದಿ ಓದಿದರೂ ಮೊದಲು ಏಳುವ ಪ್ರಶ್ನೆ ಇದೇ: ಇದು ಕೂಗಿದಾಗ ಯಾರು ಓಗೊಡುತ್ತಾರೆ?

ಇನ್ನೊಂದು ಪ್ರಶ್ನೆಯೂ ಇದೆ: ಈ ಸಾಧನದ ಅಳತೆ ಯಾರ ಮೈಯಿಂದ ಬಂದದ್ದು? 2020ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಬಂತು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಮಾಣ ಬಿಳಿಯರಲ್ಲಿ ಶೇ 3.6 ಇದ್ದರೆ ಕರಿಯರಲ್ಲಿ ಶೇ 11.7. ಚರ್ಮದ ಬಣ್ಣ ಬೆಳಕಿನ ಲೆಕ್ಕವನ್ನೇ ತಪ್ಪಿಸುತ್ತಿತ್ತು. ಹೊಲದಲ್ಲಿ ದುಡಿದು ಕಪ್ಪಾದ ಬೆರಳುಗಳ ನಾಡಿನಲ್ಲಿ ಇದನ್ನು ಓದಿ ಸುಮ್ಮನಿರುವುದು ಹೇಗೆ?

ಇಂಥ ಪ್ರಶ್ನೆಗೆ ಪುಣೆಯಲ್ಲೇ ಒಂದು ದೊಡ್ಡ ಪಾಠವಿದೆ. ಕೆಇಎಂ ಆಸ್ಪತ್ರೆಯ ಮಧುಮೇಹ ವಿಭಾಗದ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ಚಿತ್ರವೊಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ನೋಡುವುದಕ್ಕೆ ಇಬ್ಬರೂ ತೆಳ್ಳಗೆ. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್‌ರಿಗೆ ಶೇ 9.1, ಯಾಜ್ಞಿಕ್‌ರಿಗೆ ಶೇ 21.2. ತೆಳ್ಳಗಿದ್ದೂ ಕೊಬ್ಬು ಹೊತ್ತ ಈ ಭಾರತೀಯ ಮೈಕಟ್ಟಿನ ಬೇರನ್ನು ಯಾಜ್ಞಿಕ್ ತಂಡ ಹುಡುಕಿದ್ದು ತಾಯಿಯ ಗರ್ಭದಲ್ಲಿ. 1993ರಲ್ಲಿ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಶುರುವಾದ ಅವರ ಅಧ್ಯಯನದಲ್ಲಿ ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆ.ಜಿ. ಎಂದು ಕಂಡುಬಂತು. ಇಂಗ್ಲೆಂಡಿನ ಕೂಸುಗಳದು 3.5 ಕೆ.ಜಿ. ಇಷ್ಟು ಹಗುರವಾಗಿದ್ದರೂ ಇಲ್ಲಿನ ಕೂಸುಗಳು ಕೊಬ್ಬನ್ನು ಬಿಟ್ಟುಕೊಟ್ಟಿರಲಿಲ್ಲ. ಕಡಿಮೆಯಾದದ್ದು ಸ್ನಾಯು ಮತ್ತು ಅಂಗಾಂಗಗಳ ಬೆಳವಣಿಗೆ. ಅಂಥ ಕೂಸು ಬೆಳೆದು ಮುಂದೊಂದು ದಿನ ತೋಳಿಗೆ ಬಿಲ್ಲೆ ಅಂಟಿಸಿಕೊಂಡಾಗ, ಬಿಲ್ಲೆಗೆ ಈ ಚರಿತ್ರೆ ಗೊತ್ತಿರುವುದಿಲ್ಲ. ಅದನ್ನು ಓದುವ ಡಾಕ್ಟರಿಗೆ ಗೊತ್ತಿರಬೇಕು.

ಹಳ್ಳಿಗಳ ಆ ಜ್ಞಾನ ಬಂದದ್ದು ಮನೆಮನೆ ತಿರುಗಿದವರ ಕಾಲುಗಳಿಂದ. ಶಿರೂರು ತಾಲ್ಲೂಕಿನ ವಢು ಗ್ರಾಮದ ಸುತ್ತ ಇದೇ ಕೆಇಎಂನ ಸಂಶೋಧನಾ ಕೇಂದ್ರದವರು 2002ರಿಂದ ಹಳ್ಳಿಗಳ ಜನನ, ಮರಣ, ವಲಸೆಗಳನ್ನು ಬಾಗಿಲು ಬಡಿದು ಕೇಳಿ ದಾಖಲಿಸುತ್ತ ಬಂದಿದ್ದಾರೆ. ಬಾಗಿಲು ತೆರೆದವಳು ಬರೀ ಉತ್ತರ ಹೇಳುವುದಿಲ್ಲ, ಬಂದವರಿಗೆ ನೀರೂ ಕೊಡುತ್ತಾಳೆ, ತನ್ನ ಮೊಣಕಾಲ ನೋವನ್ನೂ ಹೇಳುತ್ತಾಳೆ.

ಅಳೆಯುವ ಯಂತ್ರಗಳೇ ಹೆಚ್ಚಿ ಕೇಳಿಸಿಕೊಳ್ಳುವ ಕಿವಿಗಳು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಐಸಿಯುಗಳೇ ಸಾಕ್ಷಿ. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಕೆ ಕೊಟ್ಟಿತು: ಮೂರೂವರೆ ವರ್ಷಗಳಲ್ಲಿ ಯಂತ್ರಗಳ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ತನಗೆ ವರದಿಯಾಗಿವೆ, ಅವುಗಳಲ್ಲಿ 80 ಸಾವಿನಲ್ಲಿ ಮುಗಿದಿವೆ. ದಿನವಿಡೀ ಕೂಗುವ ಯಂತ್ರಗಳ ನಡುವೆ ದುಡಿಯುವ ನರ್ಸ್‌ಗಳ ಕಿವಿ ಮರಗಟ್ಟುತ್ತದೆ. ಹತ್ತು ಸುಳ್ಳು ಕೂಗಿನ ನಂತರ ಹನ್ನೊಂದನೆಯದು ನಿಜವಾಗಿರಬಹುದು ಎಂದು ಎದ್ದು ಹೋಗಲು ಮನಸ್ಸಷ್ಟೇ ಸಾಲದು, ಪಾಳಿಯಲ್ಲಿ ಸಾಕಷ್ಟು ಮಂದಿಯೂ ಇರಬೇಕು. ನಾನೊಬ್ಬನೇ ನನ್ನ ಒಬ್ಬ ಅವ್ವನಿಗಾಗಿ ಎರಡು ವಾರ ಎದ್ದೆದ್ದು ಓಡುವಷ್ಟರಲ್ಲಿ ಹಣ್ಣಾಗಿದ್ದೆ.

ಬೆಂಗಳೂರಿನ ಡೋಝೀ ಕಂಪನಿಯದು ಇನ್ನೂ ಮುಂದಿನ ಹೆಜ್ಜೆ. ಹಾಸಿಗೆಯ ಕೆಳಗೆ ಒಂದು ತೆಳು ಹಾಳೆ ಹಾಸಿದರೆ ಸಾಕು. ಹೃದಯ ಬಡಿದಾಗಲೆಲ್ಲ ರಕ್ತದ ನೂಕಿಗೆ ಮೈ ಅತಿ ಸಣ್ಣಗೆ ಅದುರುತ್ತದೆ, ಉಸಿರಿಗೆ ಎದೆ ಏರಿಳಿಯುತ್ತದೆ. ಆ ಅದುರನ್ನು ಹಿಡಿದು ಬಡಿತ ಮತ್ತು ಉಸಿರಿನ ಲೆಕ್ಕ ಕೊಡುತ್ತದೆ. ಮೈಗೆ ತಂತಿಯಿಲ್ಲ, ಬೆರಳಿಗೆ ಕ್ಲಿಪ್ಪಿಲ್ಲ. ವೈಸರ್ ಹೇಳಿದ ಕಾಣದ ಕಂಪ್ಯೂಟರು ಅಕ್ಷರಶಃ ಹಾಸಿಗೆಯಡಿ ಸೇರಿದೆ. ಐಸಿಯು ಸಿಗದ ಸಾಮಾನ್ಯ ವಾರ್ಡಿನಲ್ಲಿ, ನರ್ಸ್ ನಾಲ್ಕು ಗಂಟೆಗೊಮ್ಮೆ ಬಂದು ಹೋಗುವ ನಡುವಿನ ಹೊತ್ತಿನಲ್ಲಿ, ಯಾರದೋ ಉಸಿರು ತಪ್ಪಿದ್ದನ್ನು ಇಂಥದೊಂದು ಹಾಳೆ ಹಿಡಿದರೆ ಅದು ಪುಣ್ಯದ ಕೆಲಸ.

ಓಗೊಡುವ ಕಡೆಯನ್ನೂ ಕಟ್ಟಿಕೊಂಡೇ ಯಂತ್ರ ಇಟ್ಟ ಉದಾಹರಣೆ ನಮ್ಮ ಕರ್ನಾಟಕದಲ್ಲಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ಅಲ್ಲಿಂದಲೇ ರವಾನೆಯಾಗುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಅದು ಹೃದಯಾಘಾತ ಹೌದೋ ಅಲ್ಲವೋ ತಿಳಿಯುತ್ತದೆ. ಹೌದಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಟ್ಟು, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇಸಿಜಿ ಓದುವ ತಂತ್ರಕ್ಕಿಂತ ನನ್ನ ಮನಸ್ಸು ನಿಲ್ಲುವುದು ಆ ಇಂಜೆಕ್ಷನ್ ಮೇಲೆ. ಫ್ರಿಜ್ಜಿನಲ್ಲಿ ಅದು ಇರದಿದ್ದರೆ ಇಸಿಜಿ ಬರೀ ಗೆರೆಗಳ ಕಾಗದ.

ಪುಣೆಯ ಜೀವ್‌ಟ್ರಾನಿಕ್ಸ್ ಕಂಪನಿಯವರು ಕೈಯಿಂದ ತಿರುವಿ ಚಾರ್ಜ್ ಮಾಡಬಹುದಾದ ಡಿಫಿಬ್ರಿಲೇಟರ್ ಮಾಡಿದ್ದು ಇಂಥದೇ ಯೋಚನೆಯಿಂದ. ಲಯ ತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯಕ್ಕೆ ತರುವ ಯಂತ್ರ ಅದು. ಕರೆಂಟು ಹೋದಾಗಲೇ ಹೃದಯದ ಲಯ ತಪ್ಪಿದರೆ? ಆ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಮಾತ್ರ ಯಂತ್ರಕ್ಕೊಂದು ಹಿಡಿಕೆ ಕೂಡಿಸಬೇಕೆಂದು ಹೊಳೆಯುತ್ತದೆ.

ನಗರಕ್ಕೂ ನಾಡಿ ಹಿಡಿಯಬಹುದು. ಕೊರೊನಾ ಕಾಲದಿಂದ ಪುಣೆಯ ವಿಜ್ಞಾನಿಗಳು ಊರಿನ ಕೊಳಚೆ ನೀರಿನ ಮಾದರಿ ತೆಗೆದು ಅದರಲ್ಲಿ ವೈರಾಣುವಿನ ಹೊಸ ರೂಪಗಳ ಜಾಡು ನೋಡುತ್ತಿದ್ದಾರೆ. ಯಾರ ಹೆಸರೂ ಕೇಳದೆ, ಯಾರ ಮೈಯನ್ನೂ ಮುಟ್ಟದೆ, ಅರಮನೆಯದನ್ನೂ ಗುಡಿಸಲಿನದನ್ನೂ ಒಟ್ಟಿಗೆ ಅಳೆಯುವ ವಿಧಾನವಿದು. ಆದರೆ 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತ ಗಿಯಾನ್-ಬಾರೆ ಕಾಯಿಲೆ ಹಬ್ಬಿ, ಜನ ಕೈಕಾಲಿನ ಶಕ್ತಿ ಕಳೆದುಕೊಂಡು ವೆಂಟಿಲೇಟರ್ ಸೇರಿದಾಗ, ಎಲ್ಲರ ಕಣ್ಣು ಹೋದದ್ದು ಕುಡಿಯುವ ನೀರಿನ ಮೇಲೆ. ಮಣಿಕಟ್ಟಿನ ಸ್ಮಾರ್ಟ್‌ವಾಚು ಆ ನೀರಿನ ಬಗ್ಗೆ ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ನಮ್ಮ ಬೀದಿಯ ಕೊನೆಗೆ ಏಳುತ್ತಿರುವ ಕಟ್ಟಡದಲ್ಲಿ ಯಾದಗಿರಿ, ಕಲಬುರಗಿ ಕಡೆಯ ಜನ ದುಡಿಯುತ್ತಾರೆ. ಸಂಜೆ ಅವ್ವ ಅಲ್ಲಿಗೆ ನಡೆದು ಹೋಗುವುದು ನಡಿಗೆಗಾಗಿ ಅಲ್ಲ, ಕನ್ನಡಕ್ಕಾಗಿ. ಅಲ್ಲೊಬ್ಬ ಹೆಣ್ಣುಮಗಳು ಅವ್ವನ ತೋಳಿನ ಬಿಲ್ಲೆ ಮುಟ್ಟಿ ನೋಡಿ, ಎಷ್ಟಾತು ಎಂದು ಕೇಳಿದಳು. ನಾಲ್ಕು ಸಾವಿರದ ಮೇಲೆ ಎಂದಳು ಅವ್ವ, ಎರಡು ವಾರಕ್ಕೆ. ಆಕೆ ಕೈ ಹಿಂದೆ ತೆಗೆದುಕೊಂಡಳು. ಆಕೆಯ ಗಂಡನಿಗೂ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಮಾಯುತ್ತಿಲ್ಲ. ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಹೇಳಿದ್ದು ಅರ್ಧ ತಿಳಿಯಿತು, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಏನೂ ತಿಳಿಯಲಿಲ್ಲ. ಚೀಟಿಯನ್ನು ಅವ್ವ ನನ್ನಿಂದ ಓದಿಸಿದಳು. ದಿನಾ ಎರಡು ಹೊತ್ತು ನುಂಗಬೇಕಾದ ಗುಳಿಗೆಯನ್ನು ಆತ ನೋವು ಬಂದಾಗ ಮಾತ್ರ ನುಂಗುತ್ತಿದ್ದ. ಎಲ್ಲೆಡೆ ಹರಡಿದ ಗಣಕ ಎನ್ನುವಾಗ ಆ ‘ಎಲ್ಲೆಡೆ’ಯೊಳಗೆ ಈ ಕಟ್ಟಡದ ಮೂರನೇ ಮಹಡಿಯೂ ಸೇರಬೇಕೆಂದು ನಾನು ಹಟ ಹಿಡಿಯುತ್ತೇನೆ. ಅಲ್ಲಿಗೆ ಮೊದಲು ಬೇಕಾದದ್ದು ಕನ್ನಡದಲ್ಲಿ ಮಾತಾಡುವ ಒಂದು ಸಾದಾ ಫೋನ್ ಕರೆ.

ಅವ್ವನಿಗೆ ಬೇರೆಯದೇ ಚಿಂತೆ. “ನನ್ನ ಸಕ್ರಿ ಯಾರ್ಯಾರು ನೋಡ್ತಾರ?” ಎಂದು ಒಂದು ದಿನ ಕೇಳಿದಳು. ನಾನು, ಡಾಕ್ಟರು, ಅಮೆರಿಕದಲ್ಲಿರುವ ತಂಗಿ ಎಂದೆ. “ಮತ್ತ ಅದನ್ನ ಮಾಡಿದಾವರು?” ಅದಕ್ಕೆ ನೇರ ಉತ್ತರ ನನ್ನಲ್ಲಿರಲಿಲ್ಲ. ಆ್ಯಪ್ ಹಾಕಿಕೊಳ್ಳುವಾಗ ಇಂಗ್ಲಿಷಿನ ಉದ್ದನೆಯ ಒಪ್ಪಿಗೆ ಪತ್ರದ ತಳಕ್ಕೆ ಹೋಗಿ ಅವ್ವನ ಪರವಾಗಿ ಒತ್ತಿದವನು ನಾನೇ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಬಂದಿದೆ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ಒಪ್ಪಿಗೆ ಎಂಬುದು ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಆ ಕಾಯ್ದೆ ಬಯಸುತ್ತದೆ. ಅವ್ವ ತನ್ನ ಒಪ್ಪಿಗೆಯನ್ನು ತಾನೇ ಓದಿ ಕೊಡುವ ದಿನಕ್ಕೆ ನಾನು ಕಾಯುತ್ತಿದ್ದೇನೆ.

ಮೊನ್ನೆ ಹದಿನಾಲ್ಕನೇ ದಿನ. ಕೊಬ್ಬರಿ ಎಣ್ಣೆ ಹಚ್ಚಿ ಹಳೆಯ ಬಿಲ್ಲೆ ಬಿಡಿಸಿದೆ. ಚರ್ಮದ ಮೇಲೆ ಅಂಟಿನ ದುಂಡನೆಯ ಕಲೆ, ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕಿ. ಅವ್ವ ಯಾವಾಗಲೂ ಎಡಮಗ್ಗುಲಿಗೇ ಮಲಗುವವಳು, ಅದಕ್ಕೇ ಹೊಸದನ್ನು ಬಲತೋಳಿಗೆ ಅಂಟಿಸಿದೆವು. ಅಂಟಿಸಿದ ಮೇಲೆ ಬಿಲ್ಲೆ ಕಣ್ಣು ಬಿಡಲು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಮೊಬೈಲಿನಲ್ಲಿ ಅಂಕಿಯಿಲ್ಲ, ಬಾಣವಿಲ್ಲ.

“ಈ ಒಂದ್ ತಾಸು ಅದು ನೋಡಂಗಿಲ್ಲ, ಹೌದಿಲ್ಲೋ?” ಎಂದಳು ಅವ್ವ.

ಊರಿಂದ ಬಂದವರು ತಂದ ಪೇಡೆಯ ಪೊಟ್ಟಣ ಕಪಾಟಿನಲ್ಲಿತ್ತು. ಒಂದನ್ನು ತೆಗೆದು, ಮುರಿದು, ಅರ್ಧ ಅವಳ ಅಂಗೈಯಲ್ಲಿಟ್ಟೆ.