ಅಳಿವೆ ದಾಟುವ ಮೊದಲು

ಕೋಡಿ ಬೆಂಗ್ರೆಯ ತುದಿಯಲ್ಲಿ ನಿಂತರೆ ಒಂದು ಕಡೆ ಸೀತಾ, ಸ್ವರ್ಣಾ ನದಿಗಳ ಹಿನ್ನೀರು, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಅಳಿವೆಯಾಚೆ ಬಂಗುಡೆ ಹಿಡಿಯುವ ಆಸೆಯಿಂದಲೇ ನಾನು ಕಯಾಕ್ ಹತ್ತಿದ್ದು. ಆದರೆ ಮೊದಲ ಚಳಿಗಾಲವಿಡೀ ಗಾಳ ಹಾಕಿದ್ದು ಹಿನ್ನೀರಿನಲ್ಲಿ, ಮರಳುನೆಲದ ಕಾಣೆ ಮೀನಿಗೆ.

ಅದಕ್ಕೂ ಮೊದಲು ಕಲಿತದ್ದು ಮಗುಚುವುದನ್ನು. ಲೈಫ್ ಜಾಕೆಟ್ ತೊಟ್ಟು, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಕಯಾಕನ್ನು ಬೋರಲು ಹಾಕಿ, ಆಚೆ ಅಂಚಿಗೆ ಕೈಚಾಚಿ ಎಳೆದು ತಿರುಗಿಸಬೇಕು. ಕಷ್ಟವಿರುವುದು ಮತ್ತೆ ಹತ್ತುವುದರಲ್ಲಿ. ಹೊಸಬರು ತೋಳಿನ ಬಲದಿಂದ ಏಳಲು ನೋಡುತ್ತಾರೆ, ಕಯಾಕ್ ಅವರ ಮೈಮೇಲೆಯೇ ಮಗುಚಿಕೊಳ್ಳುತ್ತದೆ. ಕಾಲುಗಳನ್ನು ಹಿಂದಕ್ಕೆ ತೇಲಿಸಿ, ಈಜುವವರಂತೆ ಒದ್ದು, ಹೊಟ್ಟೆಯ ಮೇಲೆ ಅಡ್ಡಲಾಗಿ ಜಾರಿ, ಹೊರಳಿ ಕೂರಬೇಕು. ಇದು ದಣಿದ ಸಂಜೆಯೂ ಕೈಗೂಡುವವರೆಗೆ ಸಮುದ್ರದ ಮಾತು ಬೇಡ. ಹುಟ್ಟು, ರಾಡು, ಚಾಕು ಎಲ್ಲಕ್ಕೂ ಹಗ್ಗ ಕಟ್ಟಿರಬೇಕು. ಲಂಗರನ್ನು ಮುಂದಿನ ಇಲ್ಲವೇ ಹಿಂದಿನ ತುದಿಗೇ ಕಟ್ಟಬೇಕು. ಮಗ್ಗುಲಿಗೆ ಕಟ್ಟಿದರೆ ಸೆಳೆತವೇ ಕಯಾಕನ್ನು ಉರುಳಿಸುತ್ತದೆ.

ಗಾಳಿಯನ್ನು ಅರಿಯಲು ಇನ್ನೂ ಹೆಚ್ಚು ದಿನ ಹಿಡಿಯಿತು. ಚಳಿಗಾಲದ ಬೆಳಗಿನಲ್ಲಿ ನೆಲ ತಣ್ಣಗಿರುತ್ತದೆ, ಮೂಡುಗಾಳಿ ಬೀಸುತ್ತದೆ. ದಡದಿಂದ ನೋಡಿದರೆ ನೀರು ಕನ್ನಡಿಯಂತಿರುತ್ತದೆ, ಆದರೆ ಹುಟ್ಟು ಹಾಕದೆಯೂ ಕಯಾಕ್ ಹೊರಗೆ ಜಾರುತ್ತಿರುತ್ತದೆ. "ಹೋಪುಕೆ ಸಸಾರ, ಬಪ್ಪುಕೆ ಕಷ್ಟ ಮಾರಾಯಾ" ಎಂದಿದ್ದರು ಅಲ್ಲಿಯ ಹಿರಿಯ ಮೀನುಗಾರರೊಬ್ಬರು. ನೆಲ ಕಾದ ಮೇಲೆ ಏಳುವ ಪಡುಗಾಳಿ ದಡದತ್ತ ತಳ್ಳುತ್ತದೆ ನಿಜ, ಜೊತೆಗೆ ಅಲೆಯನ್ನೂ ಎಬ್ಬಿಸುತ್ತದೆ.

ಅಳಿವೆಗೂ ಅದರದೇ ಹೊತ್ತಿದೆ. ಇಳಿತದ ನೀರು ರಭಸದಿಂದ ಹೊರಡುವಾಗ ಎದುರು ಬರುವ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಉಬ್ಬರ ತುಂಬಿ ನಿಂತಾಗ ಅದೇ ಜಾಗ ಸೌಮ್ಯ. ನಾಲ್ಕು ಬಾರಿ ಕಯಾಕ್ ಹೊತ್ತು ಹೋಗಿ, ಅರ್ಧ ತಾಸು ನೋಡಿ, ಹಿಂದಿರುಗಿದ್ದೇನೆ. ಇಂದು ಬೇಡ ಎಂದು ತೀರ್ಮಾನಿಸಿದ ಆ ನಾಲ್ಕು ಬೆಳಗುಗಳೇ ನನ್ನ ನಿಜವಾದ ಪಾಠ ಎಂದು ನಂಬಿದ್ದೇನೆ.

ಐದನೆಯ ಬಾರಿ ಗೆಳೆಯನೊಬ್ಬ ತನ್ನ ಕಯಾಕಿನಲ್ಲಿ ಜೊತೆಗಿದ್ದ. ಅಳಿವೆ ದಾಟಿ, ಗರಿ ಕಟ್ಟಿದ ಸಣ್ಣ ಗಾಳಗಳನ್ನು ಇಳಿಬಿಟ್ಟೆವು. ದಾರ ನಡುಗಿತು, ಒಂದೇ ಎಳೆತಕ್ಕೆ ಎರಡು ಬಂಗುಡೆ, ಬೆನ್ನ ಮೇಲಿನ ಹಸಿರು ಬಿಸಿಲಿಗೆ ಹೊಳೆಯಿತು. ಮತ್ತೆ ಗಾಳ ಹಾಕುವಷ್ಟರಲ್ಲಿ ನನ್ನ ಕತ್ತಿನ ಹಿಂಭಾಗಕ್ಕೆ ತಂಪು ತಾಗಿತು. ದಡದ ತೆಂಗುಗಳು ಆಗಲೇ ಸಣ್ಣದಾಗಿದ್ದವು. ದಾರ ಸುತ್ತಿ, ಇಬ್ಬರೂ ಕಯಾಕಿನ ಮೂತಿಯನ್ನು ಮೂಡಕ್ಕೆ ತಿರುಗಿಸಿದೆವು.