ಮರಳಿ ಊರು ಸೇರದ ಗಾನವೃಂದ

ಗಾನವೃಂದವೊಂದು ವಿದೇಶ ಪ್ರವಾಸಕ್ಕೆ ಹೊರಟಿತೆಂದರೆ ಅದರ ಪ್ರತಿಯೊಬ್ಬ ಗಾಯಕನ ಮನೆಯಲ್ಲೂ ಸಂಭ್ರಮ. ತಾಯಂದಿರು ಬಟ್ಟೆಬರೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಾರೆ; ಗುರುಗಳು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹರಸುತ್ತಾರೆ; ಹಿಂದಿರುಗುವ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗುತ್ತದೆ. ಆದರೆ ಆ ದಿನಾಂಕವೇ ಅಳಿಸಿಹೋದರೆ? ಹಾಡಲು ಹೋದ ಮಕ್ಕಳಿಗೆ ಮನೆಗೆ ಮರಳುವ ದಾರಿಯೇ ಮುಚ್ಚಿಹೋದರೆ? 1939ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸುಮಾರು ಇಪ್ಪತ್ತು ಮಂದಿ ಬಾಲಗಾಯಕರಿಗೆ ಒದಗಿದ್ದು ಇಂತಹುದೇ ಸಂಕಟ.

ವಿಯೆನ್ನಾದಲ್ಲಿ ಬಾಲಕರ ಗಾಯನವು ಪೂಜಾವಿಧಿಯ ಮಡಿಲಲ್ಲೇ ಬೆಳೆದ ಕಲೆ. 1498ರಲ್ಲಿ ಅರಸ ಒಂದನೆಯ ಮ್ಯಾಕ್ಸಿಮಿಲಿಯನ್ ತನ್ನ ಆಸ್ಥಾನದ ಪ್ರಾರ್ಥನಾಲಯಕ್ಕೆ ಬಾಲಗಾಯಕರನ್ನು ನೇಮಿಸಿದಂದಿನಿಂದ ಆ ಪರಂಪರೆ ಹರಿದು ಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಆ ನಗರದ ಬಾಲಕರ ಗಾನವೃಂದಗಳು ದೇಶದೇಶಗಳಿಗೆ ಸಂಚಾರ ಹೊರಟವು. ಅವುಗಳಲ್ಲೊಂದು ಡಾ. ಗೇಯಾರ್ಗ್ ಗ್ರೂಬರ್ ಅವರ ನಿರ್ದೇಶನದ ವಿಯೆನ್ನಾ ಮೊಜಾರ್ಟ್ ಬಾಲಕರ ಗಾನವೃಂದ. ಇಂದಿಗೂ ಲೋಕಪ್ರಸಿದ್ಧವಾಗಿರುವ ವಿಯೆನ್ನಾ ಬಾಲಕರ ಗಾನವೃಂದ ಬೇರೆ, ಇದು ಬೇರೆ. ವಿಶ್ವಪ್ರವಾಸ ಕೈಗೊಂಡ ಈ ತಂಡ 1939ರಲ್ಲಿ ಆಸ್ಟ್ರೇಲಿಯಾ ತಲುಪಿತ್ತು.

ಅದೇ ವರ್ಷದ ಸೆಪ್ಟೆಂಬರ್ 3ರಂದು ಬ್ರಿಟನ್ನಿನೊಡನೆ ಆಸ್ಟ್ರೇಲಿಯಾವೂ ಜರ್ಮನಿಯ ವಿರುದ್ಧ ಯುದ್ಧದಲ್ಲಿ ತೊಡಗಿರುವುದಾಗಿ ಸಾರಿತು. ಆಸ್ಟ್ರಿಯಾವನ್ನು ಹಿಟ್ಲರನು 1938ರ ಮಾರ್ಚ್ ತಿಂಗಳಲ್ಲಿಯೇ ಜರ್ಮನಿಗೆ ಸೇರಿಸಿಕೊಂಡಿದ್ದನು. ಹೀಗಾಗಿ ನಿನ್ನೆಯವರೆಗೆ ಚಪ್ಪಾಳೆ ಗಿಟ್ಟಿಸಿದ ಬಾಲಕರು ಇಂದು ಕಾನೂನಿನ ಕಣ್ಣಿನಲ್ಲಿ ಶತ್ರುದೇಶದ ಪ್ರಜೆಗಳಾದರು. ಸಮುದ್ರಯಾನದ ದಾರಿ ಕಡಿದುಹೋಯಿತು. ಯುದ್ಧನಿರತ ದೇಶಗಳ ನಡುವೆ ಸಾಮಾನ್ಯ ಅಂಚೆಯೂ ನಿಂತುಹೋದ ಕಾಲವದು. ರೆಡ್‌ಕ್ರಾಸ್ ಸಂಸ್ಥೆಯ ಮೂಲಕ 25 ಪದಗಳ ಸಂದೇಶವನ್ನಷ್ಟೇ ಕಳುಹಿಸಬಹುದಾಗಿತ್ತು. ಮಗನಿಗೆ ಹೇಳಬೇಕಾದುದನ್ನೆಲ್ಲ ಇಪ್ಪತ್ತೈದು ಪದಗಳಲ್ಲಿ ಹೇಳಿ ಮುಗಿಸಬೇಕಾದ ತಾಯಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಂತಹ ವೇಳೆಯಲ್ಲಿ ಆ ಮಕ್ಕಳಿಗೆ ಆಸರೆಯಾದವರು ಮೆಲ್ಬೋರ್ನಿನ ಮಹಾಧರ್ಮಾಧ್ಯಕ್ಷರಾಗಿದ್ದ ಪೂಜ್ಯ ಡೇನಿಯಲ್ ಮ್ಯಾನಿಕ್ಸ್. 1864ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರಿಗೆ ತಾಯ್ನಾಡಿನ ಬಾಗಿಲು ಮುಚ್ಚುವುದೆಂದರೇನೆಂಬುದು ಸ್ವಂತ ಅನುಭವದಿಂದಲೇ ತಿಳಿದಿತ್ತು. ಐರಿಷ್ ಸ್ವಾತಂತ್ರ್ಯದ ಪರವಾಗಿ ಮಾತನಾಡಿದರೆಂಬ ಕಾರಣಕ್ಕೆ, 1920ರಲ್ಲಿ ಸ್ವದೇಶಕ್ಕೆ ಹೊರಟಿದ್ದ ಅವರನ್ನು ಬ್ರಿಟಿಷ್ ನೌಕಾಪಡೆ ನಡುಸಮುದ್ರದಲ್ಲೇ ಹಡಗಿನಿಂದ ಇಳಿಸಿ, ಐರ್ಲೆಂಡಿಗೆ ಕಾಲಿಡಗೊಡದೆ ಇಂಗ್ಲೆಂಡಿನ ಪೆನ್ಜಾನ್ಸ್ ಬಂದರಿಗೆ ಒಯ್ದಿತ್ತು. ಆ ಘಟನೆಗೂ ಈ ಬಾಲಕರ ಮೇಲಿನ ಕನಿಕರಕ್ಕೂ ನೇರ ನಂಟು ಕಲ್ಪಿಸುವುದು ಅತಿಯಾದೀತು. ಆದರೂ ಮನಸ್ಸು ಅತ್ತ ಹರಿಯದೆ ಇರದು.

ಮಹಾಧರ್ಮಾಧ್ಯಕ್ಷರ ಏರ್ಪಾಡು ಸರಳವಾಗಿತ್ತು. ಬಾಲಕರು ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಹಾಡುವುದು. ಅವರ ವಸತಿ, ವಿದ್ಯಾಭ್ಯಾಸಗಳ ಹೊಣೆಯನ್ನು ಅಲ್ಲಿನ ಕಥೋಲಿಕ ಸಮುದಾಯ ಹೊರುವುದು. ಮೆಲ್ಬೋರ್ನಿನ ಕಥೋಲಿಕ ಕುಟುಂಬಗಳು ಒಬ್ಬೊಬ್ಬರನ್ನಾಗಿ ಆ ಮಕ್ಕಳನ್ನು ತಮ್ಮ ಮನೆಗಳಿಗೆ ಬರಮಾಡಿಕೊಂಡವು. ಅದು ಸಣ್ಣ ಮಾತಲ್ಲ. ಜರ್ಮನಿಯ ವಿರುದ್ಧ ದಂಡೆತ್ತಿ ಹೊರಟಿದ್ದ ನಾಡಿನಲ್ಲಿ, ಜರ್ಮನ್ ಮಾತನಾಡುವ ಹುಡುಗರಿಗೆ ಊಟದ ಮೇಜಿನಲ್ಲಿ ಜಾಗ ಮಾಡಿಕೊಟ್ಟ ಮನೆಗಳವು. ಪ್ರಧಾನಾಲಯದ ಎತ್ತರದ ಗೋಪುರಗಳು ಪೂರ್ಣಗೊಂಡದ್ದೂ ಅದೇ 1939ರಲ್ಲಿ. ಆ ಗೋಪುರಗಳ ಕೆಳಗೆ, ಬಲಿಪೂಜೆಯ ಲತೀನ್ ಗಾಯನದಲ್ಲಿ, ಆತಿಥೇಯರಿಗೂ ಅತಿಥಿಗಳಿಗೂ ಸಮಾನವಾದ ಭಾಷೆಯೊಂದು ದೊರೆಯಿತು.

ಆದರೆ ಆತಿಥ್ಯದಿಂದ ಎಲ್ಲ ನೋವೂ ಅಳಿಯಲಿಲ್ಲವೆಂಬುದನ್ನು ಮರೆಯಲಾಗದು. ನಿರ್ದೇಶಕ ಗ್ರೂಬರ್ ಅವರನ್ನು 1941ರಲ್ಲಿ ಸರಕಾರ ಬಂಧನ ಶಿಬಿರಕ್ಕೆ ಕಳುಹಿಸಿತು; ಯುದ್ಧ ಮುಗಿದ ಬಳಿಕ, 1947ರಲ್ಲಿ, ಅವರನ್ನು ಯುರೋಪಿಗೆ ಮರಳಿ ಕಳುಹಿಸಲಾಯಿತು. ಬಾಲಕರು ತಂದೆತಾಯಿಯರಿಂದ ಮೊದಲೇ ದೂರವಾಗಿದ್ದರು, ಈಗ ಜೊತೆಗಿದ್ದ ಗುರುವಿನಿಂದಲೂ ದೂರವಾದರು. ಮೇಲಾಗಿ ಬಾಲಕರ ಕಂಠಸಿರಿಗೆ ಆಯುಷ್ಯ ಕಡಿಮೆ. ಹದಿಮೂರು-ಹದಿನಾಲ್ಕರ ಪ್ರಾಯದಲ್ಲಿ ಧ್ವನಿ ಒಡೆಯುತ್ತದೆ. ಮೇಲಿನ ಸ್ವರ ಹಾಡುತ್ತಿದ್ದವನು ಕೆಳಗಿನ ಸ್ವರಕ್ಕೆ ಇಳಿಯಬೇಕಾಗುತ್ತದೆ. ಯುದ್ಧ ನಡೆಯುತ್ತಿರುವಾಗಲೇ ಆ ವಿಯೆನ್ನಾ ಕಂಠಗಳು ಒಂದೊಂದಾಗಿ ಬದಲಾಗುವುದು ನಿಶ್ಚಿತವಾಗಿತ್ತು.

ಗಾನವೃಂದ ಅಲ್ಲಿಗೇ ನಿಂತುಹೋಗಬಹುದಿತ್ತು. ಹಾಗಾಗಲಿಲ್ಲ. ಖಾಲಿಯಾದ ಜಾಗಗಳಿಗೆ ಮೆಲ್ಬೋರ್ನಿನ ಹುಡುಗರೇ ಬಂದರು. ರೋಮ್ ನಗರದಲ್ಲಿ ವ್ಯಾಸಂಗ ಮಾಡಿ ಬಂದಿದ್ದ ವಂದನೀಯ ಪರ್ಸಿ ಜೋನ್ಸ್ ಅವರು 1942ರಲ್ಲಿ ಪ್ರಧಾನಾಲಯದ ಸಂಗೀತದ ಹೊಣೆ ಹೊತ್ತು, ಮೂರು ದಶಕಗಳ ಕಾಲ ಅದನ್ನು ನಡೆಸಿದರು. ಸಂಚಾರಿ ಗಾನವೃಂದವೊಂದು ಹೀಗೆ ಊರಿನ ಗಾನವೃಂದವಾಯಿತು. ಸಂತ ಪ್ಯಾಟ್ರಿಕ್ ಪ್ರಧಾನಾಲಯದ ಗಾನವೃಂದವು ತನ್ನ ಆರಂಭವನ್ನು ಇಂದಿಗೂ 1939ರಿಂದಲೇ ಎಣಿಸುತ್ತದೆ.

ವಿಯೆನ್ನಾದ ಆ ಬಾಲಕರಲ್ಲಿ ಬಹುಪಾಲು ಮಂದಿ ಯುದ್ಧಾನಂತರವೂ ಆಸ್ಟ್ರೇಲಿಯಾದಲ್ಲೇ ನೆಲೆ ನಿಂತರು. ಅವರಲ್ಲೊಬ್ಬರಾದ ಸ್ಟೀಫನ್ ಹಾಗ್ (1925-1986) ಆ ದೇಶದ ಗೀತನಾಟಕ ರಂಗದಲ್ಲಿ ಗಾಯಕರಾಗಿ, ಬಳಿಕ ನಿರ್ದೇಶಕರಾಗಿ ಹೆಸರು ಗಳಿಸಿ, ಅಲ್ಲಿನ ಎಲಿಜಬೆತನ್ ಥಿಯೇಟರ್ ಟ್ರಸ್ಟ್‌ನ ಕಾರ್ಯನಿರ್ವಾಹಕ ನಿರ್ದೇಶಕ ಸ್ಥಾನಕ್ಕೇರಿದರು. ಪೂಜ್ಯ ಮ್ಯಾನಿಕ್ಸ್ ಅವರು 1963ರಲ್ಲಿ, ತಮ್ಮ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ದೈವಾಧೀನರಾದರು. ಮಕ್ಕಳನ್ನು ಮನೆಗೆ ಕರೆದುಕೊಂಡ ತಾಯಿತಂದೆಯರ ಹೆಸರುಗಳು ಮಾತ್ರ ಗ್ರಂಥಗಳಲ್ಲಿ ಮೆರೆಯಲಿಲ್ಲ. ಅಂತಿಮ ತೀರ್ಪಿನ ದಿನ ಪ್ರಭು ಕ್ರಿಸ್ತರು ಮೊದಲು ಕೇಳುವುದು ಅಂತಹವರನ್ನೇ ಎಂಬುದನ್ನು ಸಂತ ಮತ್ತಾಯರ ಶುಭಸಂದೇಶ ಓದಿದವರೆಲ್ಲರೂ ಬಲ್ಲರು.

ಪ್ರವಾಸಿ ಗಾನವೃಂದದ ಹಾಡನ್ನು ನಾವು ಕೇಳುತ್ತೇವೆ, ಮೆಚ್ಚುತ್ತೇವೆ. ಅದರ ಹಿಂದೆ ಎಲ್ಲಿಯೋ ಒಂದು ಮನೆಯವರು ಹಾಸಿಗೆ ಹಾಸಿಕೊಟ್ಟು, ಬಿಸಿನೀರು ಕಾಯಿಸಿ, ಪರಭಾಷೆಯ ಮಗುವಿಗೆ ತಟ್ಟೆ ಇಟ್ಟಿರುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಪರವೂರಿನ ಗಾಯಕರು ನಮ್ಮ ಧರ್ಮಕೇಂದ್ರಕ್ಕೆ ಬಂದಾಗ, ಪೂಜೆಯ ಕೊನೆಯಲ್ಲಿ ಗುರುಗಳು "ಯಾರ ಮನೆಯಲ್ಲಿ ಇಬ್ಬರಿಗೆ ಸ್ಥಳವಿದೆ?" ಎಂದು ಕೇಳುವುದುಂಟು. ಅಂದು ಕೈ ಎತ್ತುವ ಮುನ್ನ ಲೆಕ್ಕ ಹಾಕದಿರೋಣ. ಎರಡು ರಾತ್ರಿಗೆಂದು ಬಂದ ಅತಿಥಿಯ ಪಾಲಿಗೆ ನಮ್ಮ ಮನೆಯೇ ಎಷ್ಟು ಕಾಲದ ಆಸರೆಯಾಗಬೇಕಾದೀತೆಂಬುದನ್ನು ದೇವರೊಬ್ಬನೇ ಬಲ್ಲನು.